ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊದಲ ಚೇಳಿನ ಗೂಡು ಹೇಗಿರಬೇಕು?

ಪ್ರಶ್ನೆ: ನಾನು ಗಂಗಾವತಿಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮುಂಗಾರಿನ ಮೊದಲ ಮಳೆಯಾದ ಮರುದಿನ ನಮ್ಮ ಹೊಲದ ಬದುವಿನ ಕಲ್ಲು ಎತ್ತಿದಾಗ ದೊಡ್ಡದೊಂದು ಕರಿಚೇಳು ಸಿಕ್ಕಿತು. ಸದ್ಯಕ್ಕೆ ಅದನ್ನು ಗಾಜಿನ ಭರಣಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದೇನೆ. ಮೊದಲು ಮೀನು ಸಾಕುತ್ತಿದ್ದ ಎರಡು ಅಡಿ ಉದ್ದದ ಗಾಜಿನ ತೊಟ್ಟಿ ಮನೆಯಲ್ಲಿದೆ. ಅದಕ್ಕೆ ಹೊಳೆಯ ಮರಳು ತುಂಬಿ, ಮೇಲೊಂದು ಬಲ್ಬು ಹಾಕಿ ಚೇಳನ್ನು ಸಾಕಬೇಕೆಂದಿದ್ದೇನೆ. ಮನೆಯಲ್ಲಿ ಅಕ್ಕನ ಮೂರು ವರ್ಷದ ಮಗನಿರುವುದರಿಂದ ಅವ್ವ ಒಪ್ಪುತ್ತಿಲ್ಲ. ಗೂಡನ್ನು ಹೇಗೆ ಸಿದ್ಧಪಡಿಸಬೇಕು, ತಿಳಿಸಿ.

ಉತ್ತರ: ನಿಮ್ಮ ಅವ್ವನವರ ಆತಂಕದಿಂದಲೇ ಉತ್ತರವನ್ನು ಆರಂಭಿಸುತ್ತೇನೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಒಂದೇ ಬದುವಿನ ಎರಡು ಕಲ್ಲುಗಳ ಕೆಳಗೆ ಎರಡು ಬೇರೆ ಬಗೆಯ ಚೇಳುಗಳು ಇರಬಹುದು. ಅವುಗಳಲ್ಲಿ ಒಂದು ಪ್ರಾಣಕ್ಕೆ ಎರವಾಗಬಲ್ಲದು. ಅದು ಕೆಂಪುಚೇಳು, ಶಾಸ್ತ್ರೀಯವಾಗಿ ಹೊಟೆಂಟೊಟ್ಟಾ ಟಮುಲಸ್. ಕಲ್ಲುಗುಡ್ಡೆ, ಸೌದೆಯ ಒಟ್ಟಿಲು, ಹೆಂಚಿನ ಸಂದು ಎಲ್ಲಿ ಬೇಕಾದರೂ ಅದು ಇರುತ್ತದೆ. ಅದರ ವಿಷ ಹೃದಯ ಮತ್ತು ಶ್ವಾಸಕೋಶಗಳನ್ನು ಕಾಡುತ್ತದೆ, ಅದರಲ್ಲಿಯೂ ಮಕ್ಕಳಲ್ಲಿ. ಆದ್ದರಿಂದ ಗೂಡಿನ ವಿಚಾರಕ್ಕೆ ಮುನ್ನ ಭರಣಿಯ ಗಾಜಿನ ಹೊರಗಿನಿಂದಲೇ ನಿಮ್ಮ ಚೇಳನ್ನು ಸಾವಧಾನವಾಗಿ ನೋಡಿ. ಬಣ್ಣವನ್ನು ನಂಬಬೇಡಿ, ಏಕೆಂದರೆ ಕೆಂಪುಚೇಳಿನ ಬಣ್ಣ ಹಳದಿಯಿಂದ ಕಡುಗಂದಿನವರೆಗೆ ಬದಲಾಗುತ್ತದೆ ಮತ್ತು ಅದರ ಹತ್ತಿರದ ಸಂಬಂಧಿಗಳಲ್ಲಿ ಕಪ್ಪಗಿನವೂ ಇವೆ. ನೋಡಬೇಕಾದುದು ಮುಂದಿನ ಇಕ್ಕಳ ಮತ್ತು ಹಿಂದಿನ ಬಾಲ. ಇಕ್ಕಳ ಬೆರಳಿನಂತೆ ಸಣ್ಣಗಿದ್ದು ಬಾಲ ದಪ್ಪಗಿದ್ದರೆ, ಅದು ನೀವು ಸಾಕಬಾರದ ಚೇಳು. ಇಕ್ಕಳ ಅಂಗೈಯಂತೆ ಅಗಲವಾಗಿ, ಮೇಲ್ಮೈ ಹರಳುಹರಳಾಗಿದ್ದು, ಮೈಗೆ ಹೋಲಿಸಿದರೆ ಬಾಲ ತೆಳ್ಳಗಿದ್ದರೆ ಅದು ನಾವು ಕರಿಚೇಳು ಎನ್ನುವ ಗುಂಪಿನದು. ಈ ಗುಂಪನ್ನು ಬಹುಕಾಲ ಹೆಟೆರೊಮೆಟ್ರಸ್ ಎಂದೇ ಕರೆಯುತ್ತಿದ್ದರು. 2020ರಲ್ಲಿ ತಜ್ಞರು ಅದನ್ನು ಹಲವು ಕುಲಗಳಾಗಿ ವಿಂಗಡಿಸಿದ ಮೇಲೆ ದಖ್ಖನ್ನಿನ ಕೆಲವು ಕರಿಚೇಳುಗಳಿಗೆ ಡೆಕ್ಕನೊಮೆಟ್ರಸ್ ಎಂಬ ಹೆಸರು ಬಂದಿದೆ. ಇವು ಕುಟುಕಿದರೆ ಸಾಮಾನ್ಯವಾಗಿ ಉರಿ, ಬಾವು, ಕೆಲವು ಗಂಟೆಗಳ ನೋವು ಉಂಟಾಗುತ್ತದೆ. ಆದರೂ ಅಲರ್ಜಿ ಇರುವವರಿಗೆ ಇದೂ ಅಪಾಯವೇ. ನೋಡಿದ ಮೇಲೂ ಸಂದೇಹ ಉಳಿದರೆ ನಿಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ. ಅಲ್ಲಿಯವರೆಗೆ ಬಟ್ಟೆ ಕಟ್ಟಿದ ಭರಣಿ ಸಾಲದು. ತಿರುಗಿಸಿ ಮುಚ್ಚುವ ಮುಚ್ಚಳಕ್ಕೆ ಸಣ್ಣ ತೂತುಗಳನ್ನು ಮಾಡಿ ಹಾಕಿ.

ಇನ್ನು ಕಾನೂನಿನ ಮಾತು. ಹೊಲದ ಬದುವಿನಲ್ಲಿ ಸಿಕ್ಕ ಚೇಳಿನ ವಿಚಾರವೇ ಬೇರೆ, ದರೋಜಿಯಂತಹ ಅಭಯಾರಣ್ಯದಿಂದ ತಂದ ಚೇಳಿನ ವಿಚಾರವೇ ಬೇರೆ. ಅಭಯಾರಣ್ಯದಿಂದ ಯಾವ ವನ್ಯಜೀವಿಯನ್ನು ಅನುಮತಿಯಿಲ್ಲದೆ ತಂದರೂ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮದು ಹೊಲದ್ದೇ ಆದರೂ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ಚೇಳಿನ ಚಿತ್ರವನ್ನು ತೋರಿಸಿ, ಕೇಳಿಕೊಂಡು ಮುಂದುವರಿಯಿರಿ.

ಈಗ ಗೂಡಿಗೆ ಬರೋಣ. ನಿಮ್ಮ ಪತ್ರದ ಮರಳು ಮತ್ತು ಬಲ್ಬು ಎರಡನ್ನೂ ಕೈಬಿಡಬೇಕೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಇಂತಹ ಬಿಸಿಲುನಾಡಿನ ಚೇಳಿಗೆ ಒಣಮರಳು, ಬಿಸಿ ದೀಪ ಹಿತವೆಂದು ಹೊಸಬರು ಎಣಿಸುವುದು ಸಹಜ. ಆದರೆ ಕರಿಚೇಳು ಬದುಕುವುದು ನಮ್ಮ ಬಿಸಿಲಿನಲ್ಲಿ ಅಲ್ಲ, ಬಿಸಿಲು ತಲುಪದ ಬಿಲದಲ್ಲಿ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಅರ್ಧಚಂದ್ರದಂತಹ ಬಾಯಿಯ ಬಿಲ ಕಂಡರೆ ಅದರೊಳಗೆ ಮೊಳಕೈ ಆಳಕ್ಕೂ ದಾರಿ ಇರಬಹುದು; ಮೇಲಿನ ಕಲ್ಲು ಮಟಮಟ ಮಧ್ಯಾಹ್ನ ಕೈಯಿಡಲಾಗದಷ್ಟು ಕಾದಿರುವಾಗಲೂ ಕೆಳಗಿನ ಮಣ್ಣು ತಂಪಾಗಿ, ಹಸಿಯಾಗಿರುತ್ತದೆ. ನೀವು ಕಟ್ಟಬೇಕಾದುದು ಆ ಬಿಲದ ತಂಪು, ಕತ್ತಲು ಮತ್ತು ಹಸಿಯನ್ನು. ಚೇಳು ದಿನವಿಡೀ ಕಾಣುವಂತೆ ಸಿಂಗರಿಸಿದ ಗಾಜಿನ ಪೆಟ್ಟಿಗೆ ನೋಡುವವರಿಗೆ ಚೆನ್ನ, ಆದರೆ ಅಡಗಲು ಜಾಗ ಸಿಗದ ಚೇಳು ಉಣ್ಣುವುದನ್ನು ಬಿಟ್ಟು ಸೊರಗುತ್ತದೆ.

ನಿಮ್ಮ ತೊಟ್ಟಿ ಒಂದು ಚೇಳಿಗೆ ಧಾರಾಳವಾಯಿತು. ಬಾಲವನ್ನು ಚಾಚಿದ ಚೇಳಿನ ಉದ್ದದ ಮೂರು ಪಟ್ಟು ಉದ್ದ, ಎರಡು ಪಟ್ಟು ಅಗಲ ಇದ್ದರೂ ಸಾಕೆಂಬುದು ಸಾಕುವವರ ಲೆಕ್ಕ. 45 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಲ್ಲಿ ದೊಡ್ಡ ಕರಿಚೇಳು ನೆಮ್ಮದಿಯಾಗಿರುತ್ತದೆ. ನೆಲದ ವಿಸ್ತಾರ ಮುಖ್ಯವೇ ಹೊರತು ಎತ್ತರ ಮುಖ್ಯವಲ್ಲ. ಆದರೆ ಮಣ್ಣಿನ ಮೇಲ್ಮೈಯಿಂದ ಮುಚ್ಚಳದವರೆಗಿನ ಅಂತರ ಚೇಳಿನ ಉದ್ದಕ್ಕಿಂತ ಹೆಚ್ಚಾಗಿರಲೇಬೇಕು, ಇಲ್ಲವಾದರೆ ಅದು ಗೋಡೆಗೆ ಒರಗಿ ನಿಂತು ಮುಚ್ಚಳದ ಅಂಚನ್ನು ಹಿಡಿಯುತ್ತದೆ.

ನುಣುಪಾದ ಗಾಜನ್ನು ಚೇಳು ಹತ್ತಲಾರದು. ಮೀನಿನ ತೊಟ್ಟಿಯಲ್ಲಿ ಅಪಾಯವಿರುವುದು ನಾಲ್ಕು ಮೂಲೆಗಳಲ್ಲಿ. ಗಾಜುಗಳನ್ನು ಜೋಡಿಸಿರುವ ಸಿಲಿಕಾನ್ ಅಂಟಿನ ಪಟ್ಟಿ ಮೆದುವಾಗಿದ್ದು ಚೇಳಿನ ಉಗುರಿಗೆ ಹಿಡಿತ ಕೊಡುತ್ತದೆ. ನಾನು ಚೇಳು ಸಾಕಿದ ಮೊದಲ ವರ್ಷ ಇದನ್ನು ತಿಳಿಯದೆ, ಮುಚ್ಚಳದ ಮೇಲೆ ಬರಿಯ ಒಂದು ಇಟ್ಟಿಗೆಯನ್ನು ಇಟ್ಟು ಮಲಗಿದ್ದೆ. ಬೆಳಗ್ಗೆ ಗೂಡು ಖಾಲಿಯಾಗಿತ್ತು. ಮುಚ್ಚಳದ ಮೂಲೆಯಲ್ಲಿ ಕಿರುಬೆರಳಿನಷ್ಟು ಸಂದಿತ್ತು. ಇಡೀ ದಿನ ಹುಡುಕಿ, ಸಂಜೆ ಅಲಮಾರಿನ ಕೆಳಖಾನೆಯಲ್ಲಿ ಮಡಿಸಿಟ್ಟಿದ್ದ ಕೌದಿಯ ಎರಡನೆಯ ಮಡಿಕೆಯಲ್ಲಿ ಅದು ಇಕ್ಕಳಗಳನ್ನು ಮೈಗೊತ್ತಿಕೊಂಡು ಚಪ್ಪಟೆಯಾಗಿ ಕುಳಿತಿರುವುದನ್ನು ಕಂಡೆ. ಅಂದು ರಾತ್ರಿ ಯಾರಾದರೂ ಆ ಕೌದಿಯನ್ನು ಹೊದ್ದಿದ್ದರೆ ಎಂಬ ಯೋಚನೆ ಈಗಲೂ ಮೈ ನಡುಗಿಸುತ್ತದೆ. ಆದ್ದರಿಂದ ಮೂಲೆಗಳ ಅಂಟಿನ ಪಟ್ಟಿಯ ಮೇಲ್ಭಾಗವನ್ನು ಬ್ಲೇಡಿನಿಂದ ಹೆರೆದು ತೆಗೆಯಿರಿ ಅಥವಾ ಅದರ ಮೇಲೆ ನುಣುಪಾದ ಪ್ಲಾಸ್ಟಿಕ್ ಪಟ್ಟಿಯನ್ನು ಅಂಟಿಸಿ. ಮುಚ್ಚಳವನ್ನು ಚೌಕಟ್ಟಿಗೆ ಕೀಲು ಹಾಕಿ ಕೂರಿಸಿ, ಕೊಂಡಿ ಹಾಕಿ, ಸಣ್ಣ ಬೀಗವನ್ನು ಜಡಿಯಿರಿ. ಮೂರು ವರ್ಷದ ಮಗುವಿರುವ ಮನೆಯಲ್ಲಿ ಬೀಗವಿಲ್ಲದ ಚೇಳಿನ ಗೂಡನ್ನು ನಾನು ಒಪ್ಪುವುದಿಲ್ಲ. ಬೀಗ ಹಾಕಲು ಆಗದಿದ್ದರೆ ಚೇಳನ್ನು ಹಿಡಿದ ಬದುವಿಗೇ ಬಿಟ್ಟು ಬನ್ನಿ.

ಗಾಳಿಗಾಗಿ ಮುಚ್ಚಳದ ಒಂದು ಭಾಗಕ್ಕೆ ಕಿಟಕಿಗೆ ಹಾಕುವ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನು ಹಾಕಿ. ನೈಲಾನ್ ಜಾಲರಿ ಬೇಡ. ಆಹಾರಕ್ಕೆಂದು ಬಿಟ್ಟ ಹುಳುಗಳೇ ಅದನ್ನು ಕಚ್ಚಿ ತೂತು ಮಾಡುತ್ತವೆ. ಸಣ್ಣ ಕಣ್ಣು ಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಚೇಳು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಕರಿಚೇಳಿನ ಗರ್ಭಕಾಲ ಬಹು ದೀರ್ಘವಾದುದು. ಹೊಲದಲ್ಲಿ ಸಿಕ್ಕ ಹೆಣ್ಣುಚೇಳು ಆಗಲೇ ಗರ್ಭ ಧರಿಸಿದ್ದರೆ, ತಿಂಗಳುಗಟ್ಟಲೆ ಒಂಟಿಯಾಗಿದ್ದ ಮೇಲೂ ಒಂದು ಬೆಳಗ್ಗೆ ಬೆನ್ನ ತುಂಬ ಅಕ್ಕಿಕಾಳಿನಂತಹ ಬಿಳಿ ಮರಿಗಳನ್ನು ಹೊತ್ತು ಕಾಣಿಸಿಕೊಳ್ಳಬಹುದು. ಹಾಗೇನಾದರೂ ಆದರೆ ಗೂಡನ್ನು ಕದಲಿಸಬೇಡಿ. ಮೊದಲ ಪೊರೆ ಕಳಚುವವರೆಗೆ ಮರಿಗಳು ತಾಯಿಯ ಬೆನ್ನನ್ನು ಬಿಟ್ಟಿಳಿಯುವುದಿಲ್ಲ.

ಮಣ್ಣಿನ ವಿಚಾರವನ್ನು ತುಸು ವಿಸ್ತಾರವಾಗಿ ಹೇಳಬೇಕು, ಗೂಡಿನ ಜೀವಾಳವೇ ಅದು. ಎರೆಮಣ್ಣನ್ನು ಖಂಡಿತ ಹಾಕಬೇಡಿ. ಅದು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರುಕು ಬಿಟ್ಟು ಬಿಲವನ್ನು ಒಡೆಯುತ್ತದೆ. ಹೊಳೆಯ ಮರಳೊಂದನ್ನೇ ಹಾಕಿದರೆ ತೋಡಿದ ಬಿಲ ತೋಡಿದಂತೆ ಕುಸಿಯುತ್ತದೆ. ಮಸಾರಿ ಮಣ್ಣು ಎರಡು ಪಾಲು, ನರ್ಸರಿಗಳಲ್ಲಿ ಇಟ್ಟಿಗೆಯ ರೂಪದಲ್ಲಿ ಸಿಗುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮೂರು ಪಾಲು ಬೆರೆಸಿದರೆ ಬಿಲ ನಿಲ್ಲುತ್ತದೆ, ಹಸಿಯೂ ನಿಲ್ಲುತ್ತದೆ. ಗೊಬ್ಬರ ಅಥವಾ ಔಷಧ ಬೆರೆಸಿದ ಕೋಕೋಪೀಟ್ ಬೇಡ. ಮಣ್ಣನ್ನು ಗೊಬ್ಬರ, ಕೀಟನಾಶಕ ಬೀಳದ ಗುಡ್ಡದ ಇಳಿಜಾರಿನಿಂದ ತಂದು, ಜರಡಿ ಹಿಡಿದು, ತಗಡಿನ ಮೇಲೆ ತೆಳ್ಳಗೆ ಹರಡಿ ಎರಡು ದಿನ ಬಿಸಿಲಿನಲ್ಲಿ ಒಣಗಿಸಿ. ಇರುವೆ, ಉಣ್ಣೆ, ಹುಳುಗಳು ಇದ್ದರೆ ಹೊರಟುಹೋಗುತ್ತವೆ. 45ಕ್ಕೆ 30 ಸೆಂಟಿಮೀಟರ್ ಪೆಟ್ಟಿಗೆಯಲ್ಲಿ 15 ಸೆಂಟಿಮೀಟರ್ ಆಳ ತುಂಬಲು ಸುಮಾರು 20 ಲೀಟರ್ ಮಿಶ್ರಣ ಬೇಕು, ಅಂದರೆ ದೊಡ್ಡ ಪೇಂಟ್ ಬಕೆಟ್ಟಿನ ಒಂದು ತುಂಬು. ನಿಮ್ಮ ಎರಡು ಅಡಿಯ ತೊಟ್ಟಿಗೆ ಇನ್ನೂ ಹೆಚ್ಚು ಬೇಕಾದೀತು. ನೀರು ಬೆರೆಸಿದ ಮೇಲೆ ಒಂದು ಹಿಡಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿನಿಂದ ನೀರು ತೊಟ್ಟಿಕ್ಕಿದರೆ ಹಸಿ ಹೆಚ್ಚಾಯಿತು. ಮುಷ್ಟಿ ಬಿಚ್ಚಿದೊಡನೆ ಪುಡಿಯಾಗಿ ಉದುರಿದರೆ ಕಡಿಮೆಯಾಯಿತು. ಕಡುಬಿನಂತೆ ಆಕಾರ ಉಳಿಸಿಕೊಂಡು, ಬೆರಳಿನಿಂದ ಮುಟ್ಟಿದರೆ ಒಡೆದರೆ ಹದವಾಗಿದೆ. ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆಯಾಗುವಂತೆ ಇಳಿಜಾರಾಗಿ ತುಂಬಿ, ಅಂಗೈಯಿಂದ ತಟ್ಟಿ ಗಟ್ಟಿ ಮಾಡಿ.

ಅಡಗುದಾಣಕ್ಕೆ ಒಡೆದ ಮಡಕೆಯ ದೊಡ್ಡ ಚೂರು ಅಥವಾ ಹಳೆಯ ನಾಡಹೆಂಚು ಸಾಕು. ಅದನ್ನು ಮಣ್ಣಿನಲ್ಲಿ ಓರೆಯಾಗಿ ಹೂತು, ಅದರ ಕೆಳಗೆ ಎರಡು ಬೆರಳು ಹೋಗುವಷ್ಟು ಬಿಲದ ಬಾಯಿಯನ್ನು ನೀವೇ ತೋಡಿಕೊಡಿ, ಉಳಿದುದನ್ನು ಚೇಳು ನೋಡಿಕೊಳ್ಳುತ್ತದೆ. ಕಲ್ಲನ್ನು ಇಡುವ ಆಸೆಯಿದ್ದರೆ ಅದನ್ನು ಮಣ್ಣಿನ ಮೇಲೆ ಇಡಬೇಡಿ. ಪೆಟ್ಟಿಗೆಯ ತಳಕ್ಕೇ ಕೂರಿಸಿ, ಸುತ್ತ ಮಣ್ಣು ತುಂಬಿ. ಮಣ್ಣಿನ ಮೇಲಿಟ್ಟ ಕಲ್ಲಿನ ಕೆಳಗೆ ಚೇಳು ತೋಡುತ್ತಾ ಹೋದಾಗ ಕಲ್ಲು ಕುಸಿದು ಅದನ್ನು ಅರೆದುಬಿಡುತ್ತದೆ.

ಹೊಸ ಗೂಡಿಗೆ ಬಿಟ್ಟ ರಾತ್ರಿ, ದೀಪ ಆರಿಸಿ ಒಂದು ಗಂಟೆ ಕಳೆದ ಮೇಲೆ, ಖೋಟಾ ನೋಟು ಪತ್ತೆಹಚ್ಚಲು ಬಳಸುವ ನೇರಳಾತೀತ ಟಾರ್ಚನ್ನು ಅರೆಕ್ಷಣ ಹಾಯಿಸಿ ನೋಡಿ. ಚೇಳಿನ ಚಿಪ್ಪು ಆ ಬೆಳಕಿಗೆ ತಿಳಿಹಸಿರಾಗಿ ಹೊಳೆಯುತ್ತದೆ; ಹೊಸದಾಗಿ ಪೊರೆ ಕಳಚಿದ ಚೇಳು ಮಾತ್ರ ಹೊಳೆಯುವುದಿಲ್ಲ. ಮುಂಗಾಲುಗಳಿಂದ ಮಣ್ಣನ್ನು ಕೆರೆದು ಹೊಟ್ಟೆಯ ಕೆಳಗೆ ತಳ್ಳಿ, ಹಿಂದೆ ಸರಿದು, ದೊಡ್ಡ ಹೆಂಟೆ ಸಿಕ್ಕಿದರೆ ಇಕ್ಕಳದಲ್ಲಿ ಅವುಚಿಕೊಂಡು ಬಾಗಿಲಿನವರೆಗೆ ತಂದು ಇಳಿಸಿ, ಮತ್ತೆ ಒಳಹೋಗುವುದನ್ನು ನೋಡಿದರೆ ಗೂಡು ಅದಕ್ಕೆ ಒಪ್ಪಿಗೆಯಾಯಿತೆಂದು ತಿಳಿಯಿರಿ. ಆ ಟಾರ್ಚನ್ನು ಹೆಚ್ಚು ಹೊತ್ತು ಹಾಯಿಸಬೇಡಿ, ಚೇಳು ಆ ಬೆಳಕಿನಿಂದ ದೂರ ಸರಿಯುತ್ತದೆ. ಬೇರೆ ಯಾವ ದೀಪದ ಅಗತ್ಯವೂ ಇಲ್ಲ.

ನೀರಿಗೆ ಮಣ್ಣಿನ ಹಣತೆ ಸಾಕು. ಅದರಲ್ಲಿ ಎರಡು ಸಣ್ಣ ಕಲ್ಲು ಹಾಕಿದರೆ ಹುಳುಗಳು ಮುಳುಗಿ ಸಾಯುವುದಿಲ್ಲ. ಸ್ಪಂಜು ಇಡಬೇಡಿ, ಕೊಳೆತು ನಾರುತ್ತದೆ. ಬೆಳೆದ ಚೇಳಿಗೆ ವಾರಕ್ಕೋ ಹತ್ತು ದಿನಕ್ಕೋ ಒಂದೆರಡು ಮಿಡತೆ ಅಥವಾ ಜೀರುಂಡೆ ಸಾಕು. ತಿನ್ನದೆ ಬಿಟ್ಟುದನ್ನು ಮರುದಿನವೇ ಉದ್ದ ಚಿಮಟದಿಂದ ತೆಗೆಯಿರಿ. ಇಲ್ಲಿ ನಿಮಗೆ ವಿಶೇಷವಾಗಿ ಹೇಳಬೇಕಾದುದಿದೆ. ನಿಮ್ಮೂರಿನ ಸುತ್ತ ಭತ್ತ, ಆಚೆಗೆ ಹತ್ತಿ, ಮೆಣಸಿನಕಾಯಿ. ಈ ಗದ್ದೆಹೊಲಗಳಿಗೆ ಔಷಧ ಹೊಡೆಯದ ವಾರಗಳು ಕಡಿಮೆ. ಅಲ್ಲಿ ಹಿಡಿದ ಮಿಡತೆಯನ್ನು ತಿಂದ ಚೇಳು ಸಾಯಬಹುದು. ಹುಳುಗಳನ್ನು ಗೋಧಿಬೂಸಾ, ಗಜ್ಜರಿ ಹಾಕಿ ಡಬ್ಬಿಯಲ್ಲಿ ಬೇರೆಯಾಗಿಯೇ ಸಾಕಿಕೊಳ್ಳಿ. ಅದೇ ಕಾರಣಕ್ಕೆ ಗೂಡಿರುವ ಕೋಣೆಯಲ್ಲಿ ಸೊಳ್ಳೆಬತ್ತಿ, ಜಿರಲೆ ಸ್ಪ್ರೇ, ಇರುವೆಗೆ ಗೀಚುವ ಸೀಮೆಸುಣ್ಣ ಯಾವುದೂ ಬೇಡ. ಇರುವೆಗಳು ಬಾರದಂತೆ ಗೂಡನ್ನು ನಾಲ್ಕು ಗಟ್ಟಿ ಬಟ್ಟಲುಗಳ ಮೇಲೆ ನಿಲ್ಲಿಸಿ, ಬಟ್ಟಲುಗಳನ್ನು ನೀರಿನ ತಟ್ಟೆಗಳಲ್ಲಿ ಇಡಿ. ಎರಡನೆಯ ಚೇಳನ್ನು ಜೊತೆಗೆ ಬಿಡಬೇಡಿ, ಒಂದು ಇನ್ನೊಂದನ್ನು ತಿಂದೀತು.

ಪ್ರಶ್ನೆ: ರಾಯಚೂರಿನಲ್ಲಿ ನಮ್ಮ ಮನೆಯಲ್ಲಿ ಚಳಿಗಾಲದಿಂದ ಒಂದು ಕರಿಚೇಳು ಇದೆ. ಏಪ್ರಿಲ್ ಬಂದ ಮೇಲೆ ಅದು ಬಿಲವನ್ನು ಬಿಟ್ಟು ರಾತ್ರಿಯಿಡೀ ಗಾಜನ್ನು ಕೆರೆಯುತ್ತದೆ, ಮೂರು ವಾರದಿಂದ ಏನೂ ತಿಂದಿಲ್ಲ. ಸೆಕೆಗೆಂದು ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದೇನೆ. ಈಗ ಮಣ್ಣಿನ ಮೇಲೆ ಬಿಳಿ ಬೂಷ್ಟು ಕಟ್ಟಿದೆ. ಏನು ಮಾಡಲಿ?

ಉತ್ತರ: ಮೂರು ವಾರದ ಉಪವಾಸವೊಂದೇ ಆಗಿದ್ದರೆ ನಾನು ಚಿಂತಿಸುತ್ತಿರಲಿಲ್ಲ, ಚೇಳುಗಳು ತಿಂಗಳುಗಟ್ಟಲೆ ಆಹಾರವಿಲ್ಲದೆ ಇರಬಲ್ಲವು. ಆದರೆ ರಾತ್ರಿಯಿಡೀ ಗಾಜು ಕೆರೆಯುವುದು ಗೂಡು ಸರಿಯಿಲ್ಲವೆಂಬ ಸೂಚನೆ. ಕರಿಚೇಳಿಗೆ ಹಿತವಾದ ಉಷ್ಣತೆ 24ರಿಂದ 30 ಡಿಗ್ರಿ. ರಾಯಚೂರಿನಲ್ಲಿ ಹೊರಗೆ 42 ಡಿಗ್ರಿ ದಾಟುವ ದಿನಗಳಲ್ಲಿ ಆರ್‌ಸಿಸಿ ಮನೆಯ ಒಳಗೂ 35ಕ್ಕಿಂತ ಕಡಿಮೆಯಾಗುವುದು ಕಷ್ಟ. ಗೂಡನ್ನು ಇಂದೇ ಮನೆಯ ಅತ್ಯಂತ ಒಳಗಿನ ಕೋಣೆಗೆ, ಬಿಸಿಲು ಬೀಳುವ ಗೋಡೆಯಿಂದ ದೂರಕ್ಕೆ, ಬಂಡೆಯ ನೆಲಕ್ಕೆ ಇಳಿಸಿ. ಫ್ರಿಜ್ಜಿನ ಮೇಲೆ, ಟಿವಿಯ ಹತ್ತಿರ, ಅಟ್ಟದ ಮೇಲೆ ಇಡಬೇಡಿ. ಏರ್ ಕೂಲರ್ ಇರುವ ಕೋಣೆ ಒಳ್ಳೆಯದು, ಆದರೆ ಅದರ ಗಾಳಿ ನೇರವಾಗಿ ಗೂಡಿಗೆ ಬಡಿಯಬಾರದು. ಪೆಟ್ಟಿಗೆಯ ಹೊರಬದಿಗೆ ಒದ್ದೆ ಗೋಣಿಚೀಲವನ್ನು ಸುತ್ತಿ, ಗಾಳಿಯ ಜಾಲರಿಯನ್ನು ಮಾತ್ರ ತೆರೆದಿಟ್ಟರೆ ಹೂಜಿ ತಂಪಾಗುವ ರೀತಿಯಲ್ಲೇ ಗೂಡೂ ತಂಪಾಗುತ್ತದೆ. ಮಧ್ಯಾಹ್ನದ ನಾಲ್ಕು ತಾಸು ಇದನ್ನು ಮಾಡಿದರೂ ಚೇಳಿಗೆ ಉಪಕಾರವಾದೀತು. ಒಂದು ಸಣ್ಣ ಉಷ್ಣಮಾಪಕವನ್ನು ಮಣ್ಣಿನ ಮಟ್ಟದಲ್ಲಿ ಅಂಟಿಸಿ, ಊಹೆಯಿಂದ ನಡೆಯಬೇಡಿ.

ಬೂಷ್ಟಿಗೆ ಕಾರಣ ನೀವು ಮೇಲಿನಿಂದ ಚಿಮುಕಿಸುತ್ತಿರುವ ನೀರು. ಮೇಲ್ಮೈ ಸದಾ ಒದ್ದೆಯಾಗಿ, ಕೆಳಗಿನ ಬಿಲ ಒಣಗಿ, ಬೇಕಾದುದಕ್ಕೆ ತಿರುವುಮುರುವಾಗಿದೆ. ಚೇಳು ಉಸಿರಾಡುವುದು ಹೊಟ್ಟೆಯ ಕೆಳಭಾಗದ ನಾಲ್ಕು ಜೊತೆ ಸಣ್ಣ ರಂಧ್ರಗಳಿಂದ. ಕಾಲುಗಳ ಹಿಂದೆ ಇರುವ ಬಾಚಣಿಗೆಯಂತಹ ಅಂಗದಿಂದ ಅದು ನೆಲವನ್ನು ತಡವಿ ಅರಿಯುತ್ತದೆ. ಆ ಹೊಟ್ಟೆಯೇ ಸದಾ ಕೆಸರಿಗೆ ತಾಗಿದರೆ ಶಿಲೀಂಧ್ರ ಹತ್ತಿ, ಕೀಲುಗಳ ಬಳಿ ಕಲೆಗಳು ಮೂಡುತ್ತವೆ. ಬೂಷ್ಟು ಕಟ್ಟಿದ ಮಣ್ಣನ್ನು ಚಮಚದಿಂದ ತೆಗೆದುಹಾಕಿ, ತಿಂದುಳಿದ ಹುಳುವಿನ ಚೂರುಗಳಿದ್ದರೆ ಹುಡುಕಿ ತೆಗೆಯಿರಿ, ಮೇಲ್ಮೈ ಒಣಗಲು ಬಿಡಿ. ಬಳಿಕ ವಿದ್ಯುತ್ ವೈರಿಂಗ್‌ಗೆ ಬಳಸುವ ತೆಳು ಪೈಪಿನ ಒಂದು ತುಂಡನ್ನು ಮೂಲೆಯಲ್ಲಿ ತಳದವರೆಗೆ ನಿಲ್ಲಿಸಿ, ಬಾಯಿಗೆ ಜಾಲರಿ ಕಟ್ಟಿ, ವಾರಕ್ಕೊಮ್ಮೆ ಅದರೊಳಗೆ ಅರ್ಧ ಲೋಟ ನೀರನ್ನು ಹನಿಹನಿಯಾಗಿ ಬಿಡಿ. ಆಗ ತಳ ಹಸಿಯಾಗಿ, ಮೇಲ್ಮೈ ಒಣಗಿ ಇರುತ್ತದೆ. ಎಲ್ಲಿ ಕೂರಬೇಕೆಂಬುದನ್ನು ಚೇಳೇ ಆರಿಸಿಕೊಳ್ಳುತ್ತದೆ. ಇದನ್ನು ಮಾಡಿದ ಎರಡು ವಾರದಲ್ಲಿ ಕೆರೆತ ನಿಲ್ಲದಿದ್ದರೆ ಮಣ್ಣಿನ ಆಳ ಸಾಲದೆಂದು ಭಾವಿಸಿ ಇನ್ನೂ ನಾಲ್ಕು ಬೆರಳು ಹೆಚ್ಚಿಸಿ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಕೂಡುಕುಟುಂಬ. ನನ್ನ ಮೈದುನ ಹೊರದೇಶದ ಎಂಪರರ್ ಚೇಳನ್ನು ಹಣ ಕೊಟ್ಟು ತರಿಸುವೆನೆನ್ನುತ್ತಿದ್ದಾನೆ. ಕಂದಕೂರಿನಲ್ಲಿ ಜನರು ಚೇಳನ್ನು ಮೈಮೇಲೆ ಬಿಟ್ಟುಕೊಳ್ಳುತ್ತಾರೆ, ಏನೂ ಆಗುವುದಿಲ್ಲ ಎಂದು ವಾದಿಸುತ್ತಾನೆ. ಇದಕ್ಕೆ ಅನುಮತಿ ಬೇಕೆ? ಕುಟುಕಿದರೆ ಏನು ಮಾಡಬೇಕು?

ಉತ್ತರ: ಎಂಪರರ್ ಚೇಳು ಪಶ್ಚಿಮ ಆಫ್ರಿಕದ್ದು. ಅದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ದೇಶಗಳ ನಡುವಿನ ಒಪ್ಪಂದದ, ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಒಳಪಟ್ಟಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಬಳಿಕ ಇಂತಹ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. 2024ರ ನಿಯಮಗಳ ಪ್ರಕಾರ ಅರ್ಜಿಯನ್ನು ಪರಿವೇಶ್ ಜಾಲತಾಣದಲ್ಲಿ ಸಲ್ಲಿಸಬೇಕು. ಮಾರುವವರ ಬಳಿ ಆಮದಿನ ಕಾಗದಪತ್ರಗಳಿಲ್ಲದಿದ್ದರೆ ಕೊಳ್ಳಬೇಡಿರೆಂದು ನಿಮ್ಮ ಮೈದುನನಿಗೆ ಖಚಿತವಾಗಿ ತಿಳಿಸಿ.

ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರ ಪಂಚಮಿಯಂದು ನಡೆಯುವುದು ಕೊಂಡಮ್ಮ ದೇವಿಯ ಮೇಲಿನ ಭಕ್ತಿಯ ಆಚರಣೆ, ವರ್ಷದಲ್ಲಿ ಒಂದು ದಿನದ್ದು. ಅದನ್ನು ಗೌರವಿಸುತ್ತೇನೆ, ಆದರೆ ಮನೆಯ ಗೂಡಿನಲ್ಲಿ ವರ್ಷಗಟ್ಟಲೆ ಚೇಳು ಸಾಕುವವನು ಅದನ್ನು ಪಾಠವಾಗಿ ತೆಗೆದುಕೊಳ್ಳಬಾರದು. ಗೂಡಿನ ಚೇಳನ್ನು ಕೈಯಲ್ಲಿ ಹಿಡಿಯುವ ಪ್ರಸಂಗವೇ ಬರಬಾರದು. ಶುಚಿ ಮಾಡುವಾಗ ತುದಿಗೆ ಸ್ಪಂಜು ಅಂಟಿಸಿದ 30 ಸೆಂಟಿಮೀಟರ್ ಉದ್ದದ ಚಿಮಟದಿಂದ ಬಾಲವನ್ನು ಮೆಲ್ಲಗೆ ಹಿಡಿದು, ಕೆಳಗಿನಿಂದ ಆಧಾರ ಕೊಟ್ಟು ಡಬ್ಬಿಗೆ ಇಳಿಸಬೇಕು. ಅದಕ್ಕಿಂತಲೂ ಡಬ್ಬಿಯನ್ನು ಮುಂದೆ ಅಡ್ಡವಿಟ್ಟು ಹಿಂದಿನಿಂದ ಕುಂಚದಲ್ಲಿ ತಳ್ಳುವುದು ಮೇಲು.

ಕುಟುಕಿದರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಮಂತ್ರ ಹಾಕಿಸುತ್ತ ಹೊತ್ತು ಕಳೆಯಬಾರದು. ಗಾಯವನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಟ್ಟು ಆಸ್ಪತ್ರೆಗೆ ಹೋಗಬೇಕು. ಕುಟುಕಿಸಿಕೊಂಡವರು ಮಕ್ಕಳಾಗಿದ್ದರೆ, ಅಥವಾ ಯಾರಿಗೇ ಆಗಲಿ ಮೈ ಬೆವೆತು ಒದ್ದೆಯಾಗುವುದು, ವಾಂತಿ, ಜೊಲ್ಲು ಸೋರುವುದು, ಕೈಕಾಲು ತಣ್ಣಗಾಗುವುದು, ಕೆಮ್ಮು, ಏದುಸಿರು ಕಾಣಿಸಿದರೆ ಒಂದು ನಿಮಿಷವನ್ನೂ ಕಳೆಯದೆ 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರದ ಮಹಾಡದಲ್ಲಿ ದುಡಿದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಕೆಂಪುಚೇಳಿನ ವಿಷಕ್ಕೆ ಪ್ರಜೋಸಿನ್ ಎಂಬ ರಕ್ತದೊತ್ತಡದ ಔಷಧದಿಂದ ಚಿಕಿತ್ಸೆ ನೀಡಬಹುದೆಂದು ತೋರಿಸಿದ ಮೇಲೆ ಸಾವುಗಳು ಬಹಳ ಕಡಿಮೆಯಾದವು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಈ ಔಷಧವನ್ನು ವೈದ್ಯರೇ ರಕ್ತದೊತ್ತಡ ನೋಡಿಕೊಂಡು ಕೊಡಬೇಕು, ಮನೆಯಲ್ಲಿ ನುಂಗಿಸಬಾರದು.

ಒಂದು ವೇಳೆ ಮೈದುನ ಕಾಗದಪತ್ರಗಳನ್ನೆಲ್ಲ ಮಾಡಿಸಿ ಚೇಳನ್ನು ತಂದೇ ತಂದರೆ, ಗೂಡಿನ ಬೀಗದ ಕೈ ಮನೆಯ ಹಿರಿಯರೊಬ್ಬರ ಬಳಿ ಇರಲಿ. ಚೇಳಿನ ಜಾತಿಯ ಹೆಸರು, ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆ, 108, ಈ ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಮುಚ್ಚಳದ ಮೇಲೆಯೇ ಅಂಟಿಸಿಡಿ. ಆತ ಊರಲ್ಲಿಲ್ಲದ ದಿನ ಏನಾದರೂ ಆದರೆ ಮನೆಯಲ್ಲಿದ್ದವರು ಅದನ್ನು ಓದಿ ವೈದ್ಯರಿಗೆ ಹೇಳುವಂತಿರಬೇಕು.